ಸೂಪರ್ ಗ್ಲೂ ಮರಗೆಲಸಕ್ಕೆ ಆಗುತ್ತದಾ? ಒಂದೂವರೆ ವರ್ಷ ಬಳಸಿ ಹೇಳುತ್ತಿದ್ದೇನೆ

ನಾನು ಕೊಂಡ ಮೊದಲ ಸೂಪರ್ ಗ್ಲೂ ಬಾಟಲಿ ಮೂರೇ ತಿಂಗಳಲ್ಲಿ ಕಲ್ಲಾಯಿತು. ಅರ್ಧ ಕೂಡ ಖಾಲಿಯಾಗಿರಲಿಲ್ಲ. ತುಂಬಾ ಬೇಜಾರಾಯಿತು. ಆದರೂ ಅದೇ ಕಂಪನಿಯ ಸೆಟ್ ಮತ್ತೆ ತಂದೆ, ಏಕೆಂದರೆ ಆ ಮೂರು ತಿಂಗಳಲ್ಲಿ ಅದು ಉಳಿಸಿಕೊಟ್ಟ ಕೆಲಸಗಳು ಕಣ್ಣ ಮುಂದೆಯೇ ಇದ್ದವು. ಈ ಸಲ ತೆರೆದ ಬಾಟಲಿಗೆ 8 ತಿಂಗಳಾಯಿತು. ಇನ್ನೂ ಮೊದಲ ದಿನದಂತೆಯೇ ಹರಿಯುತ್ತಿದೆ. ಅಂಟು ಅದೇ, ಬಾಟಲಿ ಅದೇ. ಬದಲಾಗಿದ್ದು ನಾನು ಅದನ್ನು ಇಡುವ ರೀತಿ ಮಾತ್ರ. ಅದಕ್ಕೇ ಈ ವಿಮರ್ಶೆಯಲ್ಲಿ ಅಂಟಿಸುವುದರ ಬಗ್ಗೆ ಎಷ್ಟು ಹೇಳಬೇಕೋ ಇಡುವುದರ ಬಗ್ಗೆಯೂ ಅಷ್ಟೇ ಹೇಳಬೇಕು ಅನ್ನಿಸಿತು.

ಸೆಟ್‌ನಲ್ಲಿ ಮೂರು ಬಾಟಲಿ ಬರುತ್ತವೆ. ಒಂದು ನೀರಿನಷ್ಟೇ ತೆಳ್ಳಗಿನದು, ಒಂದು ನಡುವಿನದು, ಇನ್ನೊಂದು ಹರಳೆಣ್ಣೆಯಷ್ಟು ಮಂದ. ಜೊತೆಗೆ ಅಂಟು ಬೇಗ ಗಟ್ಟಿಯಾಗಲು ಸಿಂಪಡಿಸುವ ಆಕ್ಟಿವೇಟರ್ ಡಬ್ಬಿ. ಸಣ್ಣ ಪೆಟ್ಟಿಗೆ, ಫೋಟೋ ಫ್ರೇಮ್, ಸ್ಟೂಲು, ಗೋಡೆಗೆ ಹಾಕುವ ಹಲಗೆ, ಇಂಥವನ್ನೇ ನಾನು ಮಾಡುವುದು. ಕಸುಬಲ್ಲ, ರಜೆ ಸಿಕ್ಕಾಗಲೆಲ್ಲ ಮಾಡುವ ಕೆಲಸ. ಆದರೆ ಮನಸ್ಸಿಟ್ಟು ಮಾಡುತ್ತೇನೆ.

ಮೊದಲು ಒಂದು ಮಾತು. ಸೂಪರ್ ಗ್ಲೂ ಒಣಗಿ ಗಟ್ಟಿಯಾಗುವುದಲ್ಲ. ನಾವೆಲ್ಲ ಹಾಗಂದುಕೊಂಡಿರುತ್ತೇವೆ, ಅಲ್ವಾ? ಬಿಳಿ ಅಂಟಿನಲ್ಲಿ ನೀರು ಆರಿಹೋಗಬೇಕು, ಆಗ ಅದು ಹಿಡಿಯುತ್ತದೆ. ಇದು ಪೂರ್ತಿ ಉಲ್ಟಾ. ಇದಕ್ಕೆ ತೇವ ಬೇಕು. ಮರದ ಮೇಲೆ, ಗಾಳಿಯಲ್ಲಿ, ನಮ್ಮ ಬೆರಳ ಮೇಲೆ ಕಣ್ಣಿಗೆ ಕಾಣದಷ್ಟು ತೇವ ಯಾವಾಗಲೂ ಇರುತ್ತದೆ. ಅದು ತಾಗಿದ ಕೂಡಲೇ ಅಂಟಿನ ಕಣಗಳು ಒಂದಕ್ಕೊಂದು ಕೈ ಹಿಡಿದು ಉದ್ದದ ಸರಪಳಿಯಾಗುತ್ತವೆ, ಗಟ್ಟಿ ಪ್ಲಾಸ್ಟಿಕ್ ಆಗುತ್ತವೆ. ಸೈನೋಅಕ್ರಿಲೇಟ್ ಅಂತ ಇದರ ಹೆಸರು. ಅದಕ್ಕೇ ಕೆಲವರು ಸಿಎ ಗ್ಲೂ ಅನ್ನುತ್ತಾರೆ. 1942ರಲ್ಲಿ ಈಸ್ಟ್‌ಮನ್ ಕೊಡಾಕ್ ಕಂಪನಿಯಲ್ಲಿ ಹ್ಯಾರಿ ಕೂವರ್ ಮತ್ತು ಜೊತೆಗಾರರು ಬಂದೂಕಿನ ಗುರಿ ನೋಡುವ ಭಾಗಕ್ಕೆ ಪಾರದರ್ಶಕ ಪ್ಲಾಸ್ಟಿಕ್ ಹುಡುಕುವಾಗ ಇದು ಕೈಗೆ ಸಿಕ್ಕಿತ್ತು. ಮುಟ್ಟಿದ್ದಕ್ಕೆಲ್ಲ ಅಂಟಿಕೊಳ್ಳುತ್ತದೆ ಎಂದು ಆಗ ಬದಿಗಿಟ್ಟರು. 1951ರಲ್ಲಿ ಅದೇ ಗುಣದ ಬೆಲೆ ತಿಳಿಯಿತು. 1958ರಲ್ಲಿ ಅಂಗಡಿಗೆ ಬಂತು. ತೇವದ ಈ ಒಂದು ವಿಷಯ ತಲೆಯಲ್ಲಿ ಕೂತರೆ ಮುಂದಿನದ್ದೆಲ್ಲ ತಾನಾಗಿ ಅರ್ಥವಾಗುತ್ತದೆ: ಎಲ್ಲಿ ಹಿಡಿಯುತ್ತದೆ, ಎಲ್ಲಿ ಕೈ ಕೊಡುತ್ತದೆ, ಬಾಟಲಿಯಲ್ಲಿ ಏಕೆ ಕಲ್ಲಾಗುತ್ತದೆ.

ತೆಳ್ಳನೆಯ ಬಾಟಲಿ ನನಗೆ ಮೂರರಲ್ಲೂ ತುಂಬಾ ಇಷ್ಟ. ಬಿರುಕು ಬಿಟ್ಟ ಕಡೆ ಒಂದು ಹನಿ ಇಟ್ಟರೆ ಸಾಕು, ತಾನೇ ಒಳಗೆ ಇಳಿಯುತ್ತದೆ, ನಾವು ತಳ್ಳಬೇಕಾಗಿಲ್ಲ. ಹಲಗೆಯ ತುದಿಯಲ್ಲಿ ಕೂದಲೆಳೆಯಂಥ ಸೀಳು ಬಂದಾಗ, ಗಂಟಿನ ಸುತ್ತ ಮರ ಸಡಿಲವಾದಾಗ, ಸ್ವಲ್ಪ ಮೆತ್ತಗಾಗಿ ಪುಡಿ ಉದುರುವ ಜಾಗ ಗಟ್ಟಿ ಮಾಡಬೇಕಾದಾಗ ಇದಕ್ಕಿಂತ ಸುಲಭದ ದಾರಿ ನನಗೆ ಸಿಕ್ಕಿಲ್ಲ. ಇನ್ನೊಂದು ಉಪಯೋಗ ತುಂಬಾ ಜನಕ್ಕೆ ಗೊತ್ತಿರುವುದಿಲ್ಲ. ಮೆದು ಮರಕ್ಕೆ ಸ್ಕ್ರೂ ಹಾಕಿ ತೆಗೆದು ಮತ್ತೆ ಹಾಕಿದರೆ ತೂತು ಸವೆಯುತ್ತದೆ. ಮೊದಲ ಸಲ ಸ್ಕ್ರೂ ತಿರುಗಿಸಿ ಹೊರಗೆ ತೆಗೆಯಿರಿ. ತೂತಿಗೆ ಎರಡು ಹನಿ ತೆಳ್ಳನೆಯ ಅಂಟು ಬಿಡಿ. ಪೂರ್ತಿ ಗಟ್ಟಿಯಾದ ಮೇಲೆ, ಗಮನವಿಡಿ, ಪೂರ್ತಿ ಗಟ್ಟಿಯಾದ ಮೇಲೆ ಮಾತ್ರ, ಸ್ಕ್ರೂ ಹಾಕಿ. ಸ್ಕ್ರೂ ಮರದೊಳಗೆ ಕೊರೆದ ಸುರುಳಿ ಗೆರೆಗಳು ಗಟ್ಟಿಯಾಗಿ ನಿಲ್ಲುತ್ತವೆ. ದಿನಕ್ಕೆ ಹತ್ತು ಸಲ ತೆರೆಯುವ ಪೆಟ್ಟಿಗೆ ಮುಚ್ಚಳದ ಕೀಲಿನ (ಹಿಂಜ್) ಸ್ಕ್ರೂಗಳಿಗೆ ಹೀಗೆ ಮಾಡಿದ್ದೇನೆ, ಇವತ್ತಿಗೂ ಅಲ್ಲಾಡಿಲ್ಲ.

ಆದರೆ ಇದೇ ತೆಳ್ಳನೆಯ ಅಂಟು ನನ್ನ ಒಂದು ಒಳ್ಳೆಯ ಕೆಲಸಕ್ಕೆ ಕಲೆ ಕೂಡ ಮಾಡಿತು. ತಿಳಿ ಬಣ್ಣದ ಮರದ ಮುಚ್ಚಳ. ಸಣ್ಣ ಬಿರುಕಿಗೆ ಅಂಟು ಬಿಟ್ಟೆ, ಉಜ್ಜಿದೆ, ನುಣ್ಣಗಾಯಿತು, ಏನೂ ಕಾಣಲಿಲ್ಲ. ಬಣ್ಣ ಹಚ್ಚಿದ ಕೂಡಲೇ ಬಿರುಕಿನ ಸುತ್ತ ಬೆರಳಗಲದ ಮಚ್ಚೆ ಎದ್ದಿತು. ಅಂಟು ಕುಡಿದ ಮರ ಬಣ್ಣ ಕುಡಿಯುವುದಿಲ್ಲ, ಅದೇ ಕಾರಣ. ಮತ್ತೆಷ್ಟು ಉಜ್ಜಿದರೂ ಹೋಗಲಿಲ್ಲ, ಏಕೆಂದರೆ ಅದು ಮೇಲಿರಲಿಲ್ಲ, ಆಳಕ್ಕೆ ಇಳಿದಿತ್ತು. ಈಗ ನಾನು ಮೊದಲು ಆ ಜಾಗಕ್ಕೆ ತೆಳುವಾಗಿ ಅರಗಿನ ಪಾಲಿಶ್, ಅಂದರೆ ಶೆಲ್ಲಾಕ್, ಒಂದು ಕೈ ಹಚ್ಚುತ್ತೇನೆ. ಅದು ಆರಿದ ಮೇಲೆ ಬಿರುಕಿಗೆ ಅಂಟು. ಅಕ್ಕಪಕ್ಕದ ಮರಕ್ಕೆ ಅಂಟು ಇಳಿಯುವುದಿಲ್ಲ. ಮೇಲಿನ ಪದರ ಉಜ್ಜಿ ತೆಗೆದರೆ ಮರ ಮೊದಲಿನಂತೆ ಇರುತ್ತದೆ. ಏನೇ ಆದರೂ ಅದೇ ಮರದ ಒಂದು ಬೇಡದ ತುಂಡಿನ ಮೇಲೆ ಮೊದಲು ಮಾಡಿ ನೋಡಿ.

ನಡುವಿನದು ಮತ್ತು ಮಂದದ್ದು ಕೂಡಿಸುವ ಕೆಲಸಕ್ಕೆ. ಉಳಿ ಜಾರಿ ಅಂಚಿನಿಂದ ಚೂರು ಹಾರಿತು ಅಂದುಕೊಳ್ಳಿ. ಆ ಚೂರು ಹುಡುಕಿ ಎತ್ತಿಟ್ಟುಕೊಳ್ಳಿ, ಅದಕ್ಕಿಂತ ಚೆನ್ನಾಗಿ ಹೊಂದುವ ತೇಪೆ ಬೇರೆ ಇಲ್ಲ. ನಡುವಿನ ಅಂಟು ಒಂದು ಚುಕ್ಕೆ ಇಟ್ಟು ಒತ್ತಿ ಹಿಡಿದರೆ ಅರ್ಧ ನಿಮಿಷ, ಒಂದು ನಿಮಿಷದಲ್ಲಿ ಕೂರುತ್ತದೆ. ಇಲ್ಲಿ ಎಲ್ಲರೂ ಮಾಡುವ ತಪ್ಪು ಜಾಸ್ತಿ ಹಾಕುವುದು. ಜಾಸ್ತಿ ಹಾಕಿದರೆ ಜಾಸ್ತಿ ಗಟ್ಟಿ ಅಲ್ಲ. ತೇವ ಇರುವುದು ಮರದ ಮೈಯಲ್ಲಿ. ಪದರ ದಪ್ಪವಾದಷ್ಟೂ ನಡುವಿನ ಅಂಟಿಗೆ ಆ ತೇವ ತಲುಪುವುದು ತಡ, ಹಿಡಿತ ಕಮ್ಮಿ. ಎರಡು ಮುಖ ಚೆನ್ನಾಗಿ ಕೂಡಿಕೊಳ್ಳಬೇಕು, ನಡುವೆ ಅಂಟು ಇದೆಯೋ ಇಲ್ಲವೋ ಅನ್ನುವಷ್ಟು ತೆಳುವಾಗಿರಬೇಕು. ಸಂದು ಸ್ವಲ್ಪ ಬಿಟ್ಟಿದ್ದರೆ ಮಾತ್ರ ಮಂದದ್ದು. ಒಂದು ನಿಮಿಷದಲ್ಲಿ ಹಿಡಿದರೂ ಪೂರ್ತಿ ಬಲ ಬರಲು ಒಂದು ದಿನ ಬೇಕು. ಕೂಡಿಸಿದ ತಕ್ಷಣ ಎಳೆದು ಪರೀಕ್ಷೆ ಮಾಡಬೇಡಿ.

ಈಗ ಈ ಅಂಟಿನ ನಿಜವಾದ ಬೆಲೆ ಎಲ್ಲಿದೆ ಅಂತ ಹೇಳುತ್ತೇನೆ. ನನ್ನ ಮಟ್ಟಿಗೆ ಇದು ಜೋಡಣೆಯ ಅಂಟಲ್ಲ, ಮೂರನೇ ಕೈ. ಬಿಳಿ ಅಂಟಿನಲ್ಲಿ ಫ್ರೇಮಿನ ಮೂಲೆ ಕೂಡಿಸುವಾಗ ಏನಾಗುತ್ತದೆ? ತುಂಡುಗಳನ್ನು ಒತ್ತಿ ಹಿಡಿಯುವ ಕ್ಲ್ಯಾಂಪ್ ಬಿಗಿದ ಕೂಡಲೇ ತುಂಡು ಜಾರುತ್ತದೆ. ಸರಿ ಮಾಡಿ ಮತ್ತೆ ಬಿಗಿದರೆ ಇನ್ನೊಂದು ಕಡೆ ಜಾರುತ್ತದೆ. ಇದಕ್ಕೊಂದು ಉಪಾಯ ಇದೆ. ಮುಖದ ಬಹುಪಾಲಿಗೆ ಬಿಳಿ ಅಂಟು ಹಚ್ಚಿ, ಎರಡು ಮೂರು ಕಡೆ ಸ್ವಲ್ಪ ಜಾಗ ಖಾಲಿ ಬಿಡಿ, ಅಲ್ಲಿ ಮಂದ ಸೂಪರ್ ಗ್ಲೂ ಒಂದೊಂದು ಚುಕ್ಕೆ ಇಡಿ. ಸರಿಯಾಗಿ ಕೂರಿಸಿ ಒಂದು ನಿಮಿಷ ಒತ್ತಿ ಹಿಡಿಯಿರಿ, ಅಷ್ಟೇ. ಚುಕ್ಕೆಗಳು ತುಂಡನ್ನು ಕದಲದಂತೆ ಹಿಡಿದಿರುತ್ತವೆ, ಬಿಳಿ ಅಂಟು ಒಳಗೆ ನಿಧಾನವಾಗಿ ತನ್ನ ಕೆಲಸ ಮಾಡುತ್ತದೆ. ನನ್ನ ಹತ್ತಿರ ಇರುವುದು ನಾಲ್ಕೇ ಕ್ಲ್ಯಾಂಪ್. ಈ ಉಪಾಯ ಗೊತ್ತಾದ ಮೇಲೆ ಒಂದೇ ದಿನದಲ್ಲಿ ಆರು ಫ್ರೇಮ್ ಕೂಡಿಸಿದೆ, ಎಲ್ಲದರ ಮೂಲೆಯೂ ನೇರ ಬಂತು. ಅವತ್ತು ಆದ ಖುಷಿ ಇನ್ನೂ ನೆನಪಿದೆ.

ಇದರ ಇನ್ನೊಂದು ರೂಪ ಸುಲಭವಾಗಿ ಸುಲಿದು ತೆಗೆಯಬಹುದಾದ ಕಾಗದದ ಮಾಸ್ಕಿಂಗ್ ಟೇಪ್ ಜೊತೆ. ಒಂದು ಆಕಾರದ ಅಚ್ಚು ಹಲಗೆಯ ಮೇಲೆ ತಾತ್ಕಾಲಿಕವಾಗಿ ಕೂರಬೇಕು, ಕೊರೆದಾದ ಮೇಲೆ ಬಿಡಬೇಕು, ಮರದ ಮೇಲೆ ಅಂಟು ಉಳಿಯಬಾರದು. ಎರಡಕ್ಕೂ ಮಾಸ್ಕಿಂಗ್ ಟೇಪ್ ಅಂಟಿಸಿ, ಟೇಪಿನ ಬೆನ್ನನ್ನು ಚೆನ್ನಾಗಿ ಉಜ್ಜಿ ಕೂರಿಸಿ. ಆಮೇಲೆ ಟೇಪಿಗೂ ಟೇಪಿಗೂ ನಡುವೆ ಸೂಪರ್ ಗ್ಲೂ. ಅಡ್ಡಡ್ಡ ಎಷ್ಟು ತಳ್ಳಿದರೂ ಕದಲುವುದಿಲ್ಲ. ಕೆಲಸ ಮುಗಿದ ಮೇಲೆ ಎತ್ತಿ ಸುಲಿದರೆ ಮರ ಚೊಕ್ಕಟವಾಗಿರುತ್ತದೆ. ಎರಡು ಬದಿ ಅಂಟುವ ಟೇಪಿಗಿಂತ ನನಗೆ ಇದೇ ಜಾಸ್ತಿ ನಂಬಿಕೆ.

ಎಲ್ಲಿ ಬೇಡ ಅಂತಲೂ ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಕೂರುವ, ಹತ್ತುವ, ಎತ್ತಿ ಇಳಿಸುವ ಯಾವುದಕ್ಕೂ ಇದೊಂದನ್ನೇ ನಂಬಬೇಡಿ. ಸ್ಟೂಲಿನ ಕಾಲಿನ ನಡುವಿನ ಅಡ್ಡ ಪಟ್ಟಿ ಬಿಟ್ಟುಕೊಂಡಾಗ ನಾನು ಅವಸರದಲ್ಲಿ ಬರೀ ಸೂಪರ್ ಗ್ಲೂ ಹಾಕಿದ್ದೆ. ಕೈಯಲ್ಲಿ ಎಳೆದು ನೋಡಿದಾಗ ಕಬ್ಬಿಣದಂತಿತ್ತು. ಎರಡು ವಾರಕ್ಕೆ ಸ್ಟೂಲು ನೆಲಕ್ಕೆ ಬಿದ್ದಾಗ ಟಕ್ ಎಂದು ಬಿಟ್ಟಿತು. ಪುಣ್ಯಕ್ಕೆ ಆಗ ಯಾರೂ ಅದರ ಮೇಲೆ ಕೂತಿರಲಿಲ್ಲ. ಈ ಅಂಟು ನೇರ ಎಳೆತ ಚೆನ್ನಾಗಿ ತಡೆಯುತ್ತದೆ, ಆದರೆ ಪೆಟ್ಟು ತಡೆಯುವುದಿಲ್ಲ, ಪಕ್ಕದಿಂದ ಸುಲಿಯುವಂಥ ಬಲವನ್ನೂ ತಡೆಯುವುದಿಲ್ಲ. ಗಟ್ಟಿಯಾದ ಮೇಲೆ ಬಾಗುವ ಗುಣ ತುಂಬಾ ಕಡಿಮೆ. ಮರ ಹಾಗಲ್ಲ, ಮಳೆಗಾಲಕ್ಕೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗುತ್ತದೆ, ಇಬ್ಬರಿಗೂ ಬಹಳ ದಿನ ಹೊಂದುವುದಿಲ್ಲ. ಬಿಸಿ ತಾಗುವ ಕಡೆಯೂ ಬೇಡ, ಸುಮಾರು 80 ಡಿಗ್ರಿ ಸೆಲ್ಸಿಯಸ್ ದಾಟಿದರೆ ಸಾಮಾನ್ಯ ಸೂಪರ್ ಗ್ಲೂ ಹಿಡಿತ ಕಳೆದುಕೊಳ್ಳುತ್ತಾ ಹೋಗುತ್ತದೆ.

ಎಣ್ಣೆ ಅಂಶ ಇರುವ ತೇಗ, ಬೀಟೆಯಂಥ ಮರ ಇದ್ದರೆ ಅಂಟಿಸುವ ಮೊದಲು ಉಗುರು ಬಣ್ಣ ತೆಗೆಯಲು ಬಳಸುವ ಅಸಿಟೋನ್‌ನಲ್ಲಿ ಒರೆಸಿ, ಅದು ಆರಿದ ಕೂಡಲೇ ಅಂಟಿಸಿ. ತಡ ಮಾಡಿದರೆ ಒಳಗಿನ ಎಣ್ಣೆ ಮತ್ತೆ ಮೇಲೆ ಬರುತ್ತದೆ. ಓಕ್‌ನಂಥ ಹುಳಿ ಗುಣದ ಮರದಲ್ಲಿ ಗಟ್ಟಿಯಾಗುವುದು ನಿಧಾನ, ಹುಳಿ ಈ ಅಂಟನ್ನು ತಡೆಯುತ್ತದೆ. ಬಾಟಲಿಯೊಳಗೆ ಅಂಟು ಗಟ್ಟಿಯಾಗದಿರಲಿ ಎಂದು ಕಂಪನಿಯವರೇ ಸ್ವಲ್ಪ ಆಮ್ಲ ಸೇರಿಸಿರುತ್ತಾರೆ, ಅದೇ ತತ್ವ.

ಆಕ್ಟಿವೇಟರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅವಸರಕ್ಕೆ ಒಳ್ಳೆಯದು, ಒಂದು ಮುಖಕ್ಕೆ ಅಂಟು, ಇನ್ನೊಂದಕ್ಕೆ ತೆಳುವಾಗಿ ಆಕ್ಟಿವೇಟರ್, ಕೂಡಿಸಿದರೆ ಕೆಲವೇ ಸೆಕೆಂಡು. ಜಾಸ್ತಿ ಹೊಡೆದರೆ ಅಂಟು ನೊರೆ ಬರುತ್ತದೆ, ಬೆಳ್ಳಗಾಗುತ್ತದೆ, ಒಳಗೆ ಗುಳ್ಳೆ ನಿಂತು ಬಲ ಹೋಗುತ್ತದೆ. ಸಣ್ಣ ಗುಂಡಿ ತುಂಬುವುದಕ್ಕೆ ಅಡುಗೆ ಸೋಡಾ ಹಾಕಿ ಮೇಲೆ ತೆಳ್ಳನೆಯ ಅಂಟು ಬಿಟ್ಟರೆ ಕ್ಷಣದಲ್ಲಿ ಕಲ್ಲಾಗುತ್ತದೆ, ಆದರೆ ಅದು ಬಿಳಿ ಬಣ್ಣ, ಉಜ್ಜುವುದೂ ಕಷ್ಟ. ಕಾಣುವ ಕಡೆ ಅದೇ ಮರದ ಹೊಟ್ಟು ತುಂಬಿ ಅಂಟು ಬಿಡುವುದೇ ಚೆಂದ. ಹೊಟ್ಟು ಮರಕ್ಕಿಂತ ಒಂದು ಛಾಯೆ ಗಾಢವಾಗಿ ಕಾಣುತ್ತದೆ, ಅಷ್ಟು ತಿಳಿದಿರಲಿ.

ಇನ್ನು ಎಚ್ಚರಿಕೆ. ಹತ್ತಿ ಬಟ್ಟೆಯಲ್ಲಿ ಈ ಅಂಟು ಒರೆಸಲೇಬೇಡಿ. ಹತ್ತಿ, ಉಣ್ಣೆ ತಾಗಿದರೆ ಒಮ್ಮೆಲೇ ಗಟ್ಟಿಯಾಗುತ್ತದೆ, ಹಾಗಾಗುವಾಗ ಶಾಖ ಹುಟ್ಟುತ್ತದೆ. ಚರ್ಮ ಸುಡುವಷ್ಟು ಶಾಖ, ಹೊಗೆ ಕೂಡ ಬರುತ್ತದೆ. ನನ್ನ ಹತ್ತಿ ಅಂಗಿಯ ತೋಳಿನ ಮೇಲೆ ತೆಳ್ಳನೆಯ ಅಂಟು ನಾಲ್ಕು ಹನಿ ಬಿದ್ದು, ತೋಳಿಗೆ ಚುರ್ ಎಂದಾಗಲೇ ಇದು ಎಷ್ಟು ನಿಜ ಅಂತ ತಿಳಿದಿದ್ದು. ಹತ್ತಿ ಕೈಗವಸು ಬೇಡ, ನೈಟ್ರೈಲ್ ಎಂಬ ರಬ್ಬರಿನ ಕೈಗವಸು ಹಾಕಿ. ಬೆರಳು ಅಂಟಿಕೊಂಡರೆ ಎಳೆಯಬೇಡಿ, ಚರ್ಮ ಕಿತ್ತು ಬರುತ್ತದೆ. ಬೆಚ್ಚನೆಯ ಸೋಪಿನ ನೀರಿನಲ್ಲಿ ಅದ್ದಿ ನಿಧಾನವಾಗಿ ಹೊರಳಿಸುತ್ತಾ ಬಿಡಿಸಿ. ಗಟ್ಟಿ ಹಿಡಿದಿದ್ದರೆ ಬೆರಳಿಗೆ ಮಾತ್ರ ಸ್ವಲ್ಪ ಅಸಿಟೋನ್. ಕಣ್ಣಿನ ಹತ್ತಿರ ಅಸಿಟೋನ್ ತರಲೇಬಾರದು, ಕಣ್ಣಿಗೆ ಅಂಟು ತಾಗಿದರೆ ನೀರಿನಲ್ಲಿ ತೊಳೆಯುತ್ತಾ ನೇರ ಡಾಕ್ಟರ ಹತ್ತಿರ ಹೋಗಿ, ರೆಪ್ಪೆಯನ್ನು ಬಲವಂತವಾಗಿ ಬಿಡಿಸಬೇಡಿ. ಬಗ್ಗಿ ಕೆಲಸ ಮಾಡುವಾಗ ಅದರ ಆವಿ ಕಣ್ಣು ಮೂಗು ಉರಿಸುತ್ತದೆ. ಕಿಟಕಿ ತೆರೆದಿರಲಿ. ಅದೇ ಆವಿ ಅಕ್ಕಪಕ್ಕ ಕೂತು ಬೂದಿಯಂಥ ಬಿಳಿ ಮಾಸಲು ಬಿಡುತ್ತದೆ, ಗಾಳಿ ಆಡುತ್ತಿದ್ದರೆ ಅದೂ ಕಡಿಮೆ.

ಸರಿ, ಬಾಟಲಿ ಇಡುವ ವಿಷಯಕ್ಕೆ ಬರೋಣ. ಮೊದಲ ಬಾಟಲಿ ಏಕೆ ಕಲ್ಲಾಯಿತು ಅಂತ ಯೋಚನೆ ಮಾಡಿದಾಗ ನನ್ನ ತಪ್ಪುಗಳು ಒಂದೊಂದಾಗಿ ಕಂಡವು. ಕೆಲಸ ಮಾಡುವಾಗ ಮುಚ್ಚಳ ತೆರೆದೇ ಇಡುತ್ತಿದ್ದೆ. ಒಂದು ಹನಿಗೂ ಇನ್ನೊಂದು ಹನಿಗೂ ನಡುವೆ ಹತ್ತು ನಿಮಿಷ, ಅಷ್ಟು ಹೊತ್ತೂ ತೇವದ ಗಾಳಿ ಒಳಗೆ ಹೋಗುತ್ತಿತ್ತು. ಮೂತಿಯನ್ನು ಮರಕ್ಕೇ ತಾಗಿಸಿ ಅಂಟು ಹಚ್ಚುತ್ತಿದ್ದೆ, ಮರದ ಹೊಟ್ಟು ಮೂತಿಗೆ ಹತ್ತಿ ಅಲ್ಲೇ ಗಟ್ಟಿಯಾಗುತ್ತಿತ್ತು. ಕೆಲಸ ಮುಗಿದ ಮೇಲೆ ಒದ್ದೆ ಬಟ್ಟೆಯಲ್ಲಿ ಮೂತಿ ಒರೆಸುತ್ತಿದ್ದೆ! ಶುಚಿಯಾಗಿರಲಿ ಎಂದು ಮಾಡಿದ್ದು, ಅದೇ ಅದಕ್ಕೆ ವಿಷ. ಎಲ್ಲಕ್ಕಿಂತ ದೊಡ್ಡ ತಪ್ಪು, ಆಕ್ಟಿವೇಟರ್ ಡಬ್ಬಿಯನ್ನು ಬಾಟಲಿಗಳ ಪಕ್ಕದಲ್ಲೇ ಒಂದೇ ಪೆಟ್ಟಿಗೆಯಲ್ಲಿ ಮುಚ್ಚಿಟ್ಟಿದ್ದು. ಅಂಟನ್ನು ಗಟ್ಟಿ ಮಾಡುವುದಕ್ಕೇ ಇರುವ ದ್ರವದ ಆವಿ ಆ ಪೆಟ್ಟಿಗೆಯಲ್ಲಿ ತುಂಬಿಕೊಂಡರೆ ಬಾಟಲಿ ಎಷ್ಟು ದಿನ ಉಳಿದೀತು? ಕಂಪನಿಯವರ ಪೆಟ್ಟಿಗೆಯಲ್ಲೇ ಎರಡಕ್ಕೂ ಅಕ್ಕಪಕ್ಕ ಗೂಡು ಮಾಡಿದ್ದಾರೆ, ಹೊಸಬರು ಹಾಗೇ ಇಡುತ್ತಾರೆ. ಈ ಸೆಟ್ ಮೇಲೆ ನನ್ನ ಮೊದಲ ದೂರು ಇದು, ಮನಸಾರೆ ಹೇಳುತ್ತಿದ್ದೇನೆ, ದಯವಿಟ್ಟು ಆ ಪೆಟ್ಟಿಗೆ ಬದಲಿಸಲಿ.

ಈಗ ಮಾಡುವುದು ಹೀಗೆ. ಮೂತಿ ಕತ್ತರಿಸುವಾಗ ತುದಿಯಲ್ಲಿ ಎಷ್ಟು ಸಾಧ್ಯವೋ ಅಷ್ಟು ಸಣ್ಣ ತೂತು. ಆಮೇಲೆ ಬೇಕಾದರೆ ದೊಡ್ಡದು ಮಾಡಬಹುದು, ದೊಡ್ಡದಾದ ತೂತು ಸಣ್ಣದಾಗುವುದಿಲ್ಲ. ಅಂಟನ್ನು ಮೊದಲು ಒಂದು ಪಾಲಿಥೀನ್ ಹಾಳೆಯ ಮೇಲೆ ನಾಲ್ಕು ಹನಿ ಹಾಕಿಕೊಂಡು, ಬಾಟಲಿ ಮುಚ್ಚಿ, ಕಡ್ಡಿಯಲ್ಲಿ ಅದ್ದಿ ಹಚ್ಚುತ್ತೇನೆ. ಪಾಲಿಥೀನಿಗೆ ಈ ಅಂಟು ಸರಿಯಾಗಿ ಹಿಡಿಯುವುದಿಲ್ಲ, ಬಾಟಲಿ ಮಾಡಿರುವುದೂ ಅದರಲ್ಲೇ. ಕೆಲಸ ಆದ ಮೇಲೆ ಬಾಟಲಿ ನೇರ ಹಿಡಿದು ತಳವನ್ನು ಮೇಜಿಗೆ ಎರಡು ಸಲ ಕುಟ್ಟುತ್ತೇನೆ, ಮೂತಿಯಲ್ಲಿ ನಿಂತ ಅಂಟು ಕೆಳಗೆ ಇಳಿಯುತ್ತದೆ. ಮೆಲ್ಲಗೆ ಅದುಮಿದರೆ ಗಾಳಿ ಮಾತ್ರ ಬರಬೇಕು, ಅಂಟು ಬರಬಾರದು. ತುದಿಯನ್ನು ಒಣ ಪ್ಲಾಸ್ಟಿಕ್ ಚೂರಿನಲ್ಲಿ ಒರೆಸಿ ಮುಚ್ಚಳ. ಮೂತಿ ಕಟ್ಟಿಕೊಂಡರೆ ಗುಂಡುಸೂಜಿ ಚುಚ್ಚುತ್ತಾ ಕೂರುವುದಕ್ಕಿಂತ ಮೂತಿ ಬಿಚ್ಚಿ ಅಸಿಟೋನ್‌ನಲ್ಲಿ ನೆನೆಸಿ, ಪೂರ್ತಿ ಆರಿದ ಮೇಲೆ ಹಾಕಿ.

ತೆರೆದ ಬಾಟಲಿಗಳೆಲ್ಲ ಗಟ್ಟಿ ಮುಚ್ಚಳದ ಗಾಜಿನ ಡಬ್ಬಿಯಲ್ಲಿ, ನೇರವಾಗಿ ನಿಲ್ಲಿಸಿ. ಡಬ್ಬಿಯ ತಳದಲ್ಲಿ ಸಿಲಿಕಾ ಜೆಲ್ ಚೀಲಗಳು, ಹೊಸ ಶೂ, ಬ್ಯಾಗಿನ ಜೊತೆ ಬರುತ್ತವಲ್ಲ, ಅವೇ. ಅವು ಡಬ್ಬಿಯೊಳಗಿನ ತೇವ ಹೀರಿಕೊಳ್ಳುತ್ತವೆ. ಕೆಲವು ತಿಂಗಳಾದ ಮೇಲೆ ಚೀಲ ಬದಲಿಸುತ್ತೇನೆ. ಡಬ್ಬಿ ಇರುವುದು ಬಿಸಿಲು ಬೀಳದ ತಂಪು ಕಪಾಟಿನಲ್ಲಿ. ಆಕ್ಟಿವೇಟರ್ ಬೇರೆ ಕೋಣೆಯಲ್ಲಿ.

ಫ್ರಿಜ್ಜಿನಲ್ಲಿ ಇಡಬೇಕಾ ಬೇಡವಾ ಅಂತ ತುಂಬಾ ವಾದ ನಡೆಯುತ್ತದೆ. ನಾನು ತೆರೆಯದ ಬಾಟಲಿಗಳನ್ನು ಮಾತ್ರ ಫ್ರಿಜ್ಜಿನಲ್ಲಿ ಇಡುತ್ತೇನೆ. ತಂಪಿನಲ್ಲಿ ಅದರ ಆಯಸ್ಸು ಜಾಸ್ತಿ, ಹೊರಗೆ ಇಟ್ಟರೆ ತೆರೆಯದಿದ್ದರೂ ಸುಮಾರು ಒಂದು ವರ್ಷ ಅಷ್ಟೇ. ಹೊರಗೆ ತೆಗೆದ ಕೂಡಲೇ ತೆರೆಯಬೇಡಿ. ತಣ್ಣನೆಯ ಲೋಟದ ಮೇಲೆ ಬೆವರು ಕೂರುತ್ತದಲ್ಲ, ಅದೇ ಬೆವರು ಬಾಟಲಿಯ ಮೂತಿಯಲ್ಲೂ ಒಳಗೂ ಕೂರುತ್ತದೆ. ಕೋಣೆಯ ಬಿಸಿಗೆ ಬರುವವರೆಗೆ ಕಾಯಬೇಕು, ನಾನು ಹಿಂದಿನ ರಾತ್ರಿಯೇ ತೆಗೆದಿಡುತ್ತೇನೆ. ಒಮ್ಮೆ ತೆರೆದ ಮೇಲೆ ಮತ್ತೆ ಫ್ರಿಜ್ಜಿಗೆ ಹಾಕುವುದಿಲ್ಲ, ಒಳಗೆ ಹೊರಗೆ ಆಡಿಸುತ್ತಿದ್ದರೆ ಪ್ರತಿ ಸಲವೂ ಬೆವರಿನ ಭಯ. ಇನ್ನೊಂದು, ಇದು ತುಂಬಾ ಮುಖ್ಯ. ಈ ಪುಟ್ಟ ಬಾಟಲಿಗಳು ನೋಡಲು ಕಣ್ಣಿನ ಔಷಧಿಯಂತೆಯೇ ಇರುತ್ತವೆ. ತಪ್ಪಿ ಕಣ್ಣಿಗೆ ಬಿಟ್ಟುಕೊಂಡವರಿದ್ದಾರೆ. ಔಷಧಿ ಇಡುವ ಕಡೆ ಇಡಲೇಬೇಡಿ. ಮಕ್ಕಳ ಕೈಗೆ ಸಿಗದಂತೆ, ದೊಡ್ಡ ಅಕ್ಷರದಲ್ಲಿ ಹೆಸರು ಬರೆದ ಮುಚ್ಚಿದ ಡಬ್ಬಿಯಲ್ಲಿಡಿ.

ಎರಡನೇ ದೂರು ತಾರೀಕಿನದು. ನನಗೆ ಬಂದ ಬಾಟಲಿಗಳ ಮೇಲೆ ತಯಾರಿಸಿದ ತಾರೀಕು ಎಲ್ಲೂ ಇರಲಿಲ್ಲ. ಆಯಸ್ಸು ಇಷ್ಟು ಕಡಿಮೆ ಇರುವ ವಸ್ತು, ಅಂಗಡಿಯ ಕಪಾಟಿನಲ್ಲಿ ಎಷ್ಟು ದಿನ ಕೂತಿತ್ತು ಅಂತ ಕೊಳ್ಳುವವರಿಗೆ ತಿಳಿಯಬೇಕಲ್ಲವೇ? ಈಗ ನಾನೇ ತೆರೆದ ದಿನವನ್ನು ಬಾಟಲಿಯ ಮೇಲೆ ಬರೆದಿಡುತ್ತೇನೆ. ಕೊಳ್ಳುವಾಗ ಬಾಟಲಿ ಓರೆ ಮಾಡಿ ನೋಡಿ. ತೆಳ್ಳನೆಯದು ನೀರಿನಂತೆ ಓಡಬೇಕು. ಎಳೆ ಎಳೆಯಾಗಿ ಇಳಿಯುತ್ತಿದ್ದರೆ ಅದು ಆಗಲೇ ಹಳತಾಗಿದೆ, ಬಿಟ್ಟುಬಿಡಿ.

ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಅಂಟಿಗೆ ಐದೂ ಕೊಡಬಹುದು, ಪೆಟ್ಟಿಗೆ ಮತ್ತು ತಾರೀಕಿಗೆ ಒಂದು ಕಳೆದೆ. ಮರಗೆಲಸ ಈಗ ಶುರು ಮಾಡುತ್ತಿರುವವರು ಪೂರ್ತಿ ಸೆಟ್ ಕೊಳ್ಳಬೇಕಾಗಿಲ್ಲ, ತೆಳ್ಳನೆಯದು ಒಂದು, ಮಂದದ್ದು ಒಂದು ಸಾಕು, ಅದೂ ಸಿಗುವುದರಲ್ಲೇ ಸಣ್ಣ ಬಾಟಲಿ. ದೊಡ್ಡದು ಅಗ್ಗ ಅನ್ನಿಸುತ್ತದೆ, ಮುಗಿಯುವ ಮೊದಲೇ ಹಾಳಾದರೆ ಅಗ್ಗ ಎಲ್ಲಿ ಬಂತು? ನನ್ನ ಡಬ್ಬಿಯಲ್ಲಿ ಮಂದದ್ದು ಮುಗಿಯುತ್ತಾ ಬಂದಿದೆ. ಮುಂದಿನ ವಾರ ಸಣ್ಣ ಬಾಟಲಿ ಎರಡು ತರುತ್ತೇನೆ, ಒಂದು ನೇರ ಫ್ರಿಜ್ಜಿಗೆ. ಆಕ್ಟಿವೇಟರ್ ಇನ್ನೂ ಮುಕ್ಕಾಲು ಡಬ್ಬಿ ಇದೆ, ಅದು ಸದ್ಯಕ್ಕೆ ಬೇಡ.